ಈಸನ್‌ಹೈಮ್ ಬಲಿಪೀಠದ ಚಿತ್ರಗಳು: ದುಃಖ, ಭರವಸೆ ಮತ್ತು ನಿರೀಕ್ಷೆ

ಲೆಂಟ್ ಕಾಲದಲ್ಲಿ ನಮ್ಮ ಪ್ರಸಂಗಪೀಠಗಳಿಂದ ಕೇಳಿಬರುವ ಬೋಧನೆಯಲ್ಲಿ ಒಂದು ಬಗೆಯ ಅವಸರವಿದೆ. ಶಿಲುಬೆಯನ್ನು ಕುರಿತು ಆರಂಭವಾದ ಮಾತು ಮುಗಿಯುವ ಮೊದಲೇ ತೆರೆದ ಸಮಾಧಿಯ ಕಡೆಗೆ ಓಡುತ್ತದೆ. ಸಾವಿನ ಮನೆಯಲ್ಲಿಯೂ ಹೀಗೆಯೇ: ಶವವಿನ್ನೂ ಅಂಗಳದಲ್ಲಿರುವಾಗಲೇ ನಾವು ಪುನರುತ್ಥಾನವನ್ನು ಸಾರಿ, ಅಳುವವರಿಗೆ ಅಳಬೇಡಿರೆಂದು ಹೇಳಿ, ನಮ್ಮ ಕರ್ತವ್ಯ ಮುಗಿಯಿತೆಂದು ಭಾವಿಸುತ್ತೇವೆ. ಈ ಅವಸರವು ನಂಬಿಕೆಯ ಲಕ್ಷಣವೋ, ದುಃಖದ ಎದುರು ನಿಲ್ಲಲಾರದ ನಮ್ಮ ಅಳುಕಿನ ಲಕ್ಷಣವೋ? ಈ ಪ್ರಶ್ನೆಯನ್ನು ಕ್ರೈಸ್ತ ಕಲೆಯ ಒಂದು ಪ್ರಸಿದ್ಧ ಕೃತಿಯ ಮುಂದಿಟ್ಟು ವಿಮರ್ಶಿಸುವುದು ಈ ಲೇಖನದ ಉದ್ದೇಶ.

ಆ ಕೃತಿಯೇ ಮಥಿಯಾಸ್ ಗ್ರ್ಯೂನ್‌ವಾಲ್ಡ್ ಎಂದು ಖ್ಯಾತನಾದ ಜರ್ಮನ್ ಚಿತ್ರಕಾರನು 1512ರಿಂದ 1516ರ ಅವಧಿಯಲ್ಲಿ ರಚಿಸಿದ ಈಸನ್‌ಹೈಮ್ ಬಲಿಪೀಠದ ಚಿತ್ರಮಾಲೆ. ಇಂದು ಅದು ಫ್ರಾನ್ಸಿನ ಕೋಲ್ಮಾರ್ ನಗರದ ಉಂಟರ್‌ಲಿಂಡನ್ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ಅದನ್ನು ಬರೆದದ್ದು ಸಂಗ್ರಹಾಲಯಕ್ಕಾಗಿ ಅಲ್ಲ, ರೋಗಿಗಳಿಗಾಗಿ. ಆಲ್ಸೇಸ್ ಪ್ರಾಂತ್ಯದ ಈಸನ್‌ಹೈಮಿನಲ್ಲಿ ಸಂತ ಅಂತೋಣಿಯ ಹೆಸರಿನ ಸಂನ್ಯಾಸಿಗಳ ಮಠವಿತ್ತು. ಜನರು 'ಸಂತ ಅಂತೋಣಿಯ ಬೆಂಕಿ' ಎಂದು ಕರೆಯುತ್ತಿದ್ದ ಭೀಕರ ವ್ಯಾಧಿಗೆ ತುತ್ತಾದವರನ್ನು ಅವರು ಅಲ್ಲಿ ಆರೈಕೆ ಮಾಡುತ್ತಿದ್ದರು. ರೈ ಧಾನ್ಯಕ್ಕೆ ತಗಲುವ ಒಂದು ಶಿಲೀಂಧ್ರದ ವಿಷದಿಂದ ಆ ವ್ಯಾಧಿಯು ಉಂಟಾಗುತ್ತದೆಂಬುದು ಆಗ ತಿಳಿದಿರಲಿಲ್ಲ. ಉರಿ, ಸೆಳವು, ಕೊಳೆಯುವ ಕೈಕಾಲುಗಳು, ಕೊನೆಗೆ ಅಂಗಚ್ಛೇದನ: ಇಷ್ಟನ್ನೂ ಅನುಭವಿಸುತ್ತಿದ್ದವರು ಈ ಚಿತ್ರಗಳ ಮೊದಲ ಓದುಗರು.

ಈ ಕೃತಿಗೆ ರೆಕ್ಕೆಗಳಂತೆ ತೆರೆದು ಮುಚ್ಚುವ ಫಲಕಗಳಿವೆ. ಎಲ್ಲವೂ ಮುಚ್ಚಿರುವಾಗ ಕಾಣುವುದು ಶಿಲುಬೆ. ವರ್ಷದ ಬಹುಪಾಲು ದಿನಗಳಲ್ಲಿ, ವಿಶೇಷವಾಗಿ ಉಪವಾಸದ ಕಾಲದಲ್ಲಿ, ರೋಗಿಯ ಕಣ್ಣಿಗೆ ಬೀಳುತ್ತಿದ್ದುದು ಇದೇ ದೃಶ್ಯ. ಕತ್ತಲೆಯ ಹಿನ್ನೆಲೆ, ಭಾರಕ್ಕೆ ಬಾಗಿದ ಶಿಲುಬೆಯ ಅಡ್ಡಮರ, ಸೆಟೆದು ತಿರುಚಿದ ಬೆರಳುಗಳು, ಹಸಿರು ತಿರುಗಿದ ಮೈತುಂಬ ಹುಣ್ಣು, ಹುಣ್ಣುಗಳಲ್ಲಿ ಇನ್ನೂ ನಾಟಿಕೊಂಡಿರುವ ಮುಳ್ಳುಗಳು. ಇದು ಕೊರಡೆಯ ಏಟು ತಿಂದವನ ದೇಹ. ಅದೇ ವೇಳೆಯಲ್ಲಿ ಪಕ್ಕದ ಹಾಸಿಗೆಯ ರೋಗಿಯ ದೇಹವೂ ಹೌದು. ಎರಡು ಫಲಕಗಳ ಸಂದು ಕ್ರಿಸ್ತನ ದೇಹದ ನಡುವೆ ಹಾಯದೆ ಪಕ್ಕಕ್ಕೆ ಸರಿದಿರುವುದರಿಂದ, ಬಾಗಿಲು ತೆರೆದಾಗ ಆತನ ಒಂದು ತೋಳು ದೇಹದಿಂದ ಬೇರ್ಪಟ್ಟಂತೆ ಕಾಣುತ್ತದೆಂದೂ, ಕೈಕಾಲು ಕಳೆದುಕೊಂಡವರು ಇದನ್ನು ಗಮನಿಸದೆ ಇರಲಾರರೆಂದೂ ವಿದ್ವಾಂಸರು ಗುರುತಿಸಿದ್ದಾರೆ. ದೇವರು ನಮ್ಮ ವ್ಯಾಧಿಯನ್ನು ಹೊತ್ತನೆಂಬ ಬೋಧನೆಯನ್ನು ಇಷ್ಟು ಅಕ್ಷರಶಃ ಚಿತ್ರಿಸಿದ ಕೃತಿಗಳು ವಿರಳ.

ದೈವಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ಚಿತ್ರವು ಪರಿಚಿತವಾಗಿರುವುದು ಕಾರ್ಲ್ ಬಾರ್ತ್ ಅವರ ಮೂಲಕ. ಅವರು ಇದರ ಒಂದು ಪ್ರತಿಯನ್ನು ತಮ್ಮ ಬರೆಯುವ ಮೇಜಿನ ಮೇಲ್ಗಡೆ ತೂಗುಹಾಕಿಕೊಂಡಿದ್ದರು. ಅವರನ್ನು ಆಕರ್ಷಿಸಿದ್ದು ಶಿಲುಬೆಯ ಬಲಗಡೆ ನಿಂತಿರುವ ಸ್ನಾನಿಕನಾದ ಯೋಹಾನನ ನೀಳವಾದ ತೋರುಬೆರಳು. ಸಾಕ್ಷಿಯಾದವನು ತನ್ನನ್ನು ತೋರಿಸಿಕೊಳ್ಳುವುದಿಲ್ಲ, ಕ್ರಿಸ್ತನನ್ನು ತೋರಿಸುತ್ತಾನೆ. ಸಭೆಯ ಕೆಲಸವೂ ಇದೇ. ಈ ಓದು ಸರಿಯಾದುದೇ. ಆದರೆ ಅದು ಪೂರ್ಣವಲ್ಲ. ಬೆರಳನ್ನು ಮಾತ್ರ ನೋಡಿ ಕಲಿತವನು, ತಾನೂ ಬೆರಳು ಚಾಚಿ ತೋರಿಸಿದರೆ ಸಾಕೆಂದುಕೊಳ್ಳುವ ಅಪಾಯವಿದೆ. ಶಿಲುಬೆಯ ಎಡಗಡೆ ನೋಡಿರಿ: ಬಿಳಿಯ ವಸ್ತ್ರದಲ್ಲಿ ಕುಸಿಯುತ್ತಿರುವ ತಾಯಿ, ಆಕೆಯನ್ನು ತೋಳಿನಲ್ಲಿ ತಡೆದು ನಿಂತ ಶಿಷ್ಯ, ಮೊಣಕಾಲೂರಿ ಕೈಗಳನ್ನು ಹಿಸುಕಿಕೊಳ್ಳುತ್ತಿರುವ ಮಗ್ದಲದ ಮರಿಯಳು. ಇವರು ಏನನ್ನೂ ವಿವರಿಸುತ್ತಿಲ್ಲ. ಒಬ್ಬನು ಬೀಳುವವಳನ್ನು ಹಿಡಿದಿದ್ದಾನೆ, ಅಷ್ಟೇ. ಸಭಾಪಾಲನೆಯ ಪಾಠವು ಬೆರಳಿನಲ್ಲಿ ಎಷ್ಟಿದೆಯೋ ಆ ತೋಳಿನಲ್ಲಿಯೂ ಅಷ್ಟೇ ಇದೆ.

ಹಬ್ಬದ ದಿನಗಳಲ್ಲಿ ಈ ಬಾಗಿಲುಗಳು ತೆರೆಯುತ್ತಿದ್ದವು. ಆಗ ಎಡಗಡೆ ಮರಿಯಳಿಗೆ ದೂತನ ವಾರ್ತೆ, ನಡುವೆ ದೇವದೂತರ ಗಾನ ಹಾಗೂ ತಾಯಿ ಮತ್ತು ಶಿಶು, ಬಲಗಡೆ ಪುನರುತ್ಥಾನ. ಸಮಾಧಿಯಿಂದ ಮೇಲೇರುತ್ತಿರುವ ಕ್ರಿಸ್ತನು ಹಳದಿ, ಕೆಂಪು, ನೀಲಿ ಬಣ್ಣಗಳ ಮಹಾಪ್ರಭೆಯ ನಡುವೆ ಕೈಗಳನ್ನೆತ್ತಿ ನಿಂತಿದ್ದಾನೆ, ಕಾವಲುಗಾರರು ಉರುಳಿಬಿದ್ದಿದ್ದಾರೆ. ಮುಚ್ಚಿದ ಫಲಕದ ಹುಣ್ಣುಗಳಲ್ಲಿ ಒಂದೂ ಇಲ್ಲಿ ಉಳಿದಿಲ್ಲ. ಮೊಳೆಯ ಮತ್ತು ಈಟಿಯ ಗಾಯಗಳು ಮಾತ್ರ ಉಳಿದು ಬೆಳಗುತ್ತಿವೆ. ಇಲ್ಲಿ ಒಂದು ಸೂಕ್ಷ್ಮ ವಿವೇಚನೆಯಿದೆ. ರೋಗವು ಅಳಿಯುತ್ತದೆ, ಪ್ರೀತಿಯು ತೆತ್ತ ಬೆಲೆಯ ಗುರುತು ಅಳಿಯುವುದಿಲ್ಲ. ತೋಮನಿಗೆ ತೋರಿಸಲ್ಪಟ್ಟ ಗಾಯಗಳು ಸೋಲಿನ ಕಲೆಗಳಲ್ಲ, ಅವು ಗುರುತುಪತ್ರ.

ಆದರೂ ವಿಮರ್ಶಕನು ಒಂದು ಆಕ್ಷೇಪವನ್ನು ಎತ್ತಲೇಬೇಕು. ಈ ಫಲಕದಲ್ಲಿ ಮನುಷ್ಯನಿಗೆ ಸ್ಥಳವೆಲ್ಲಿ? ಸುಗಂಧದ್ರವ್ಯ ಹೊತ್ತುಬಂದ ಸ್ತ್ರೀಯರಿಲ್ಲ, ಶಿಷ್ಯರಿಲ್ಲ. ಇರುವವರು ಕಣ್ಣು ಕುಕ್ಕಿ ಬಿದ್ದ ಸೈನಿಕರು ಮಾತ್ರ. ಕ್ರಿಸ್ತನ ಮುಖವೂ ಬೆಳಕಿನಲ್ಲಿ ಕರಗುವಷ್ಟು ತೆಳುವಾಗಿದೆ. ಕಾಲು ಕಳೆದುಕೊಂಡ ರೋಗಿಯು ಶಿಲುಬೆಯಲ್ಲಿ ತನ್ನನ್ನು ಕಂಡಷ್ಟು ಸುಲಭವಾಗಿ ಇಲ್ಲಿ ತನ್ನನ್ನು ಕಾಣಲಾರನು. ಈ ಫಲಕವನ್ನೊಂದನ್ನೇ ಕತ್ತರಿಸಿ ಈಸ್ಟರ್ ಶುಭಾಶಯ ಪತ್ರದ ಮೇಲೆ ಅಚ್ಚುಹಾಕಿದರೆ, ಅದು ನಮ್ಮ ಅವಸರದ ಪ್ರಸಂಗದಂತೆಯೇ ಆಗುತ್ತದೆ: ಸತ್ಯವಾದದ್ದು, ಆದರೆ ಕೇಳುವವನ ಹಾಸಿಗೆಯಿಂದ ದೂರವಾದದ್ದು.

ಕೃತಿಯ ಒಟ್ಟು ರಚನೆಯೇ ಈ ಆಕ್ಷೇಪಕ್ಕೆ ಉತ್ತರ ಕೊಡುತ್ತದೆ. ಅದು ಎರಡು ರೀತಿಯಲ್ಲಿ ಸ್ಪಷ್ಟವಾಗುತ್ತದೆ. ಮೊದಲನೆಯದು, ಕೆಳಗಿನ ಪಟ್ಟಿಕೆ. ಅಲ್ಲಿ ಸತ್ತ ಕ್ರಿಸ್ತನನ್ನು ಸಮಾಧಿಯ ಬಳಿಯಲ್ಲಿ ಮಲಗಿಸಿ ಅಳುತ್ತಿರುವವರ ಚಿತ್ರವಿದೆ. ಮೇಲಿನ ಬಾಗಿಲುಗಳು ತೆರೆದು ಪುನರುತ್ಥಾನದ ಪ್ರಭೆ ಹರಡಿದಾಗಲೂ ಈ ಪ್ರಲಾಪವು ತನ್ನ ಸ್ಥಳದಲ್ಲಿಯೇ ಉಳಿಯುತ್ತದೆ. ಮೇಲೆ ಈಸ್ಟರ್, ಕೆಳಗೆ ಕಣ್ಣೀರು. ಎರಡೂ ಒಂದೇ ದಿನ, ಒಂದೇ ನೋಟದಲ್ಲಿ.

ಎರಡನೆಯದು ಇನ್ನೂ ಗಂಭೀರವಾದುದು. ಪುನರುತ್ಥಾನದ ಫಲಕವು ಕೊನೆಯ ಫಲಕವಲ್ಲ. ಅದನ್ನೂ ತೆರೆದಾಗ ಒಳಗೆ ಸಂತ ಅಂತೋಣಿಯ ಕೆತ್ತನೆಯ ಮೂರ್ತಿಯೂ ಅದರ ಇಕ್ಕೆಲಗಳಲ್ಲಿ ಆತನ ಜೀವನದ ಎರಡು ಚಿತ್ರಗಳೂ ಕಾಣುತ್ತವೆ. ಒಂದರಲ್ಲಿ ದೆವ್ವಗಳು ಮುದುಕನಾದ ಸಂತನನ್ನು ನೆಲಕ್ಕೆ ಕೆಡವಿ ಎಳೆದಾಡುತ್ತಿವೆ. ಮೂಲೆಯಲ್ಲಿ ಹೊಟ್ಟೆಯುಬ್ಬಿ, ಮೈಯೆಲ್ಲ ಹುಣ್ಣಾಗಿ ಬಿದ್ದಿರುವ ಒಂದು ಆಕೃತಿಯಿದೆ. ಅದು ದೆವ್ವವೋ ರೋಗಿಯೋ ಎಂದು ನಿಶ್ಚಯಿಸುವುದು ಕಷ್ಟ. ಇನ್ನೊಂದು ಮೂಲೆಯಲ್ಲಿ ಒಂದು ಕಾಗದದ ಚೂರು. ತನ್ನ ಗಾಯಗಳನ್ನು ವಾಸಿಮಾಡಲು ಯೇಸು ಯಾಕೆ ಬರಲಿಲ್ಲ, ಆಗ ಆತನು ಎಲ್ಲಿದ್ದನು ಎಂಬ ಅಂತೋಣಿಯ ದೂರು ಅದರ ಮೇಲೆ ಲತೀನ್ ಭಾಷೆಯಲ್ಲಿ ಬರೆದಿದೆ. ಅಥನಾಸಿಯನು ಬರೆದ ಅಂತೋಣಿಯ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಉತ್ತರವೂ ಉಂಟು: ಕರ್ತನು ಅಲ್ಲಿಯೇ ಇದ್ದು ಆತನ ಹೋರಾಟವನ್ನು ನೋಡುತ್ತಿದ್ದನು. ಕಾಗದದ ಮೇಲೆ ಆ ಉತ್ತರವಿಲ್ಲ, ಪ್ರಶ್ನೆ ಮಾತ್ರವಿದೆ. ಚಿತ್ರದ ಮೇಲ್ಭಾಗದಲ್ಲಿ ದೇವರ ಪ್ರಭೆಯು ಕಾಣುತ್ತದಾದರೂ ಅದು ಬಹು ದೂರದಲ್ಲಿದೆ.

ಇದರಿಂದ ಹೆಚ್ಚಿನದನ್ನು ಹಿಂಡಬಾರದೆಂಬ ಎಚ್ಚರಿಕೆ ಅಗತ್ಯ. ಒಳಗಿನ ಕೆತ್ತನೆಯು ಹಾಗೆನೌವಿನ ನಿಕೋಲಸನ ಕೆಲಸ. ಗ್ರ್ಯೂನ್‌ವಾಲ್ಡನ ಚಿತ್ರಗಳಿಗಿಂತ ಮೊದಲಿನದು. ಮಠದ ಪೋಷಕ ಸಂತನನ್ನು ಒಳಗೆ ಇರಿಸಿದ್ದು ಆರಾಧನೆಯ ಪದ್ಧತಿಗಾಗಿ. ದೈವಶಾಸ್ತ್ರದ ವಾದವೊಂದನ್ನು ಮಂಡಿಸಲು ಅಲ್ಲ. ಆದರೆ ಕೃತಿಯು ತನ್ನ ರಚಕನ ಉದ್ದೇಶಕ್ಕಿಂತ ಹೆಚ್ಚನ್ನು ಹೇಳಬಲ್ಲದು. ಶಿಲುಬೆ, ಪುನರುತ್ಥಾನ, ಅನಂತರ ಮತ್ತೊಮ್ಮೆ ಪ್ರಶ್ನೆ: ಈ ಕ್ರಮವು ನಮ್ಮ ಪ್ರಸಂಗಗಳ ಕ್ರಮವಲ್ಲವಾದರೂ ನಮ್ಮ ಸಭೆಯವರ ಬದುಕಿನ ಕ್ರಮವಾಗಿದೆ. ಈಸ್ಟರ್ ಕಳೆದ ಸೋಮವಾರದಂದೂ ವ್ಯಾಧಿಯು ಅಲ್ಲಿಯೇ ಇರುತ್ತದೆ. ಪುನರುತ್ಥಾನವನ್ನು ನಂಬಿದವನು ದೂರುವುದನ್ನು ಬಿಡುವುದಿಲ್ಲ. ಆದರೆ ಈಗ ಆತನು ಜೀವಿಸುತ್ತಿರುವ ಒಬ್ಬನನ್ನು ಉದ್ದೇಶಿಸಿ ದೂರುತ್ತಾನೆ. ಭರವಸೆಯೆಂದರೆ ಇದೇ. ಸತ್ತವನನ್ನು ಎಲ್ಲಿದ್ದೀ ಎಂದು ಯಾರೂ ಕೇಳುವುದಿಲ್ಲ.

ಕೋಲ್ಮಾರಿನಲ್ಲಿ ಇಂದು ಫಲಕಗಳನ್ನು ಬಿಡಿಬಿಡಿಯಾಗಿ ನಿಲ್ಲಿಸಿರುವುದರಿಂದ ಪ್ರವಾಸಿಯು ಒಂದು ಗಂಟೆಯಲ್ಲಿ ಎಲ್ಲವನ್ನೂ ಸುತ್ತಿ ನೋಡಬಹುದು. ರೋಗಿಗೆ ಆ ಅನುಕೂಲವಿರಲಿಲ್ಲ. ಮುಚ್ಚಿದ ಬಾಗಿಲಿನ ಹಿಂದೆ ಬೆಳಕಿದೆಯೆಂದು ಬಲ್ಲವನಾಗಿ, ಕತ್ತಲೆಯ ಚಿತ್ರವನ್ನು ದಿನವೂ ನೋಡುತ್ತ ಆತನು ಕಾಯಬೇಕಾಗಿತ್ತು. ನಮ್ಮ ಕನ್ನಡ ಸತ್ಯವೇದವು ನಂಬಿಕೆ ಮತ್ತು ಪ್ರೀತಿಗಳ ನಡುವೆ ಇರಿಸಿರುವ ಪದ 'ನಿರೀಕ್ಷೆ'. ಅದರ ಮೂಲದಲ್ಲಿ 'ಈಕ್ಷಿಸು', ಅಂದರೆ ನೋಡು ಎಂಬ ಅರ್ಥವಿದೆ. ನಿರೀಕ್ಷಿಸುವವನು ಕಣ್ಣು ಮುಚ್ಚಿಕೊಂಡು ಆಶಿಸುವವನಲ್ಲ. ಎದುರಿಗಿರುವುದನ್ನು ದೃಷ್ಟಿಸಿ ನೋಡುತ್ತ ಕಾಯುವವನು. ಹುಣ್ಣುಗಳನ್ನು ನೋಡಲಾರದವನಿಗೆ ಪ್ರಭೆಯ ಕುರಿತು ಮಾತನಾಡುವ ಅಧಿಕಾರ ಸುಲಭವಾಗಿ ದೊರೆಯುವುದಿಲ್ಲ.

ಆದುದರಿಂದ ಬೋಧಕರಾದ ನಾವು ಈ ಲೆಂಟ್ ಕಾಲದಲ್ಲಿ ಬಾಗಿಲನ್ನು ಅವಧಿಗೆ ಮುಂಚೆ ತೆರೆಯದಿರೋಣ. ರೋಗಿಯ ಬಳಿ ಕೂತಾಗ ಆತನ ಪ್ರಶ್ನೆಗೆ ಅಥನಾಸಿಯನ ಉತ್ತರವನ್ನು ತಕ್ಷಣ ಒಪ್ಪಿಸಬೇಕಾಗಿಲ್ಲ. ಕಾಗದದ ಚೂರಿನ ಮೇಲೆ ಅದು ಬರೆದಿರಲಿ, ದೇವರ ಸನ್ನಿಧಿಯಲ್ಲಿ ಅದಕ್ಕೊಂದು ಸ್ಥಳವಿರಲಿ. ಹಬ್ಬದ ಮುಂಜಾನೆ ಬಾಗಿಲನ್ನು ಪೂರ್ಣವಾಗಿ ತೆರೆದು, ಕ್ರಿಸ್ತನು ಎದ್ದಿದ್ದಾನೆಂದು ಸಂಕೋಚವಿಲ್ಲದೆ ಸಾರೋಣ. ಹಾಗೆ ಸಾರುವಾಗ, ಕೆಳಗಿನ ಪಟ್ಟಿಕೆಯಲ್ಲಿ ಇನ್ನೂ ಅಳುತ್ತಿರುವವರು ಆರಾಧನೆಯ ಹಿಂದಿನ ಸಾಲಿನಲ್ಲಿ ಕೂತಿರುತ್ತಾರೆಂಬುದು ನಮ್ಮ ನೆನಪಿನಲ್ಲಿರಲಿ.