ಸೈನೈಡ್ ದಿಬ್ಬದೆದುರು ಎರಡು ಸಿನಿಮಾ

‘ಸಿನಿಮಾ ಹೇಗಿತ್ತು?’ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡೇ: ಸೂಪರ್, ಇಲ್ಲವೇ ಬೋರು. ಮಾತು ಅಲ್ಲಿಗೇ ನಿಂತುಬಿಡುತ್ತದೆ. ಅದನ್ನು ಬೆಳೆಸಬೇಕಾದರೆ ತೀರ್ಪನ್ನು ಕೊನೆಗಿಟ್ಟು, ಕಂಡದ್ದನ್ನೂ ಕೇಳಿದ್ದನ್ನೂ ಮೊದಲು ಹೇಳಬೇಕು.

ಈ ಅಭ್ಯಾಸಕ್ಕೆ ಕೋಲಾರ ಚಿನ್ನದ ಗಣಿಯ ಊರಿಗಾಂ, ಚಾಂಪಿಯನ್ ರೀಫ್ ಕಡೆಯವರಿಗಿರುವ ಅನುಕೂಲ ಬೇರೆಯವರಿಗಿಲ್ಲ. ಚಿನ್ನ ತೆಗೆದು ಉಳಿದ ಅದಿರಿನ ಪುಡಿ ಗುಡ್ಡವಾಗಿ ನಿಂತ ಸೈನೈಡ್ ದಿಬ್ಬ ಅವರ ಕಣ್ಣೆದುರೇ ಇದೆ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಆ ನೆಲವನ್ನು ನೆನೆದು ಬಂದ ಎರಡು ದೊಡ್ಡ ಚಿತ್ರಗಳೂ ಇವೆ: ಪ್ರಶಾಂತ್ ನೀಲ್ ಅವರ ‘ಕೆ.ಜಿ.ಎಫ್’ (2018), ಪಾ. ರಂಜಿತ್ ಅವರ ತಮಿಳಿನ ‘ತಂಗಲಾನ್’ (2024).

‘ಕೆ.ಜಿ.ಎಫ್’ನಲ್ಲಿ ಮೊದಲು ಬಣ್ಣ ನೋಡಿ. ಬಿಸಿಲಿಗೆ ಬಿಳಿಚಿಕೊಳ್ಳುವ ದಿಬ್ಬದ ನೆಲ ಭುವನ್ ಗೌಡರ ಕ್ಯಾಮೆರಾದಲ್ಲಿ ಮಸಿ, ಧೂಳು, ಪಂಜಿನ ಬೆಂಕಿಯಾಗುತ್ತದೆ. ಚಿತ್ರದ ಗಣಿಯೂರು ನರಾಚಿ ನರಕವೆಂದು ಕಥೆ ಹೇಳುವ ಮುನ್ನವೇ ಬಣ್ಣ ಹೇಳಿರುತ್ತದೆ. ಆಮೇಲೆ ಕಿವಿಗೊಡಿ. ನಾಯಕ ರಾಕಿಯ ಕಥೆ ನಮಗೆ ಸಿಗುವುದು ಅನಂತ್ ನಾಗ್ ದನಿಯಲ್ಲಿ. ಹಾಗಾಗಿ ಅವನು ಮನುಷ್ಯನಾಗಿ ಪರಿಚಯವಾಗುವ ಮೊದಲೇ ದಂತಕಥೆಯಾಗಿಬಿಡುತ್ತಾನೆ. ಕಾರ್ಮಿಕರ ಮುಖಗಳು ಸಾವಿರಾರು, ಮಾತು ಕೆಲವೇ. ಅವರ ಪಾಲಿನ ಕೆಲಸ ಉದ್ಧಾರಕನಿಗಾಗಿ ಕಾಯುವುದು. ‘ತಂಗಲಾನ್’ ಇದನ್ನು ತಿರುವಿಹಾಕುತ್ತದೆ. ಅಲ್ಲಿ ಅಗೆಯುವವನೇ ನಾಯಕ. ನೆಲ ಯಾರದು ಎಂಬುದೇ ಪ್ರಶ್ನೆ.

ನರಾಚಿ ಕಲ್ಪನೆಯ ಊರು, ಸಿನಿಮಾ ಚರಿತ್ರೆಯ ಪಠ್ಯವಾಗಬೇಕಿಲ್ಲ, ನಿಜ. ಆದರೆ 1930ರಲ್ಲಿ ಕೋಲಾರದ ಗಣಿ ಕಾರ್ಮಿಕರು ಬೆರಳಚ್ಚು ನೋಂದಣಿಯನ್ನು ಧಿಕ್ಕರಿಸಿ ತಾವೇ ಒಗ್ಗೂಡಿ ಮುಷ್ಕರ ಹೂಡಿದ್ದರು. ಯಾವ ಉದ್ಧಾರಕನಿಗೂ ಅವರು ಕಾದು ಕೂತಿರಲಿಲ್ಲ. ಇದನ್ನು ಬಲ್ಲವರು ‘ತಪ್ಪು ತೋರಿಸಿದ್ದಾರೆ’ ಎಂದು ಮುನಿಯುವುದಕ್ಕಿಂತ, ‘ಕಾರ್ಮಿಕರನ್ನು ಮೂಕರಾಗಿಸಿದ್ದರಿಂದ ನಾಯಕನಿಗೆ ಏನು ಸಿಕ್ಕಿತು?’ ಎಂದು ಕೇಳಲಿ. ವಿಮರ್ಶೆ ಶುರುವಾಗುವುದು ಅಲ್ಲಿಂದ.

ಇದು ಪಂಡಿತರ ಸೊತ್ತಲ್ಲ. ಹೆಗ್ಗೋಡಿನಲ್ಲಿ ರಂಗಕರ್ಮಿ ಕೆ.ವಿ. ಸುಬ್ಬಣ್ಣ, ಪುಣೆಯ ಸಿನಿಮಾ ಅಧ್ಯಾಪಕ ಸತೀಶ್ ಬಹಾದೂರ್ ಅವರ ಜೊತೆಗೂಡಿ ನಡೆಸಿದ ಚಲನಚಿತ್ರ ರಸಗ್ರಹಣ ಶಿಬಿರಗಳು ಹಳ್ಳಿಯವರಿಗೂ ಜಗತ್ತಿನ ಸಿನಿಮಾ ದಕ್ಕುತ್ತದೆಂದು ತೋರಿಸಿಕೊಟ್ಟವು.

ಈ ವಾರ ನಾಲ್ವರು ಸೇರಿ ‘ಕೆ.ಜಿ.ಎಫ್’ನ ಹತ್ತು ನಿಮಿಷ ಆರಿಸಿಕೊಳ್ಳಿ. ಒಮ್ಮೆ ಸದ್ದು ತೆಗೆದು ನೋಡಿ, ಇನ್ನೊಮ್ಮೆ ಕಣ್ಣು ಮುಚ್ಚಿ ಕೇಳಿ. ಯಾರು ಎಷ್ಟು ಹೊತ್ತು ಮಾತಾಡಿದರು, ಕ್ಯಾಮೆರಾ ಯಾರನ್ನು ಕೆಳಗಿನಿಂದ ನೋಡಿತು ಎಂದು ಒಬ್ಬೊಬ್ಬರೂ ಗುರುತು ಹಾಕಿಕೊಳ್ಳಿ. ರಾಕಿಗೆ ಹೊಡೆದ ಶಿಳ್ಳೆಯನ್ನು ವಾಪಸ್ ಪಡೆಯಬೇಕಾಗಿಲ್ಲ. ಅದನ್ನು ನಮ್ಮಿಂದ ಹೊಡೆಸಿದ್ದು ಯಾವ ಶಾಟ್ ಎಂಬುದು ತಿಳಿದರೆ ಸಾಕು.