ಮೊರೋವಿಂಡಿನ ಭಿನ್ನಮತ ಪುರೋಹಿತರು

ಕಲ್ಪಿತ ಜಗತ್ತಿನಲ್ಲಿ ಮತವೊಂದನ್ನು ಸೃಷ್ಟಿಸುವುದು ಸುಲಭ; ಮತಭೇದವನ್ನು ಸೃಷ್ಟಿಸುವುದು ಕಷ್ಟ. ದೇವತೆಗೆ ಹೆಸರನ್ನೂ ಆಯುಧವನ್ನೂ ಕೊಟ್ಟು ಗುಡಿಯೊಂದನ್ನು ಕಟ್ಟಿಸಿದರೆ ಮತವು ಹುಟ್ಟಿದಂತೆ ತೋರುವುದು. ಆದರೆ ಆ ಮತದ ಒಳಗಿನಿಂದಲೇ, ಅದರ ಗ್ರಂಥಗಳನ್ನೇ ಪ್ರಮಾಣವಾಗಿ ಹಿಡಿದು, ಅದರ ಅಧಿಕಾರವನ್ನು ಪ್ರಶ್ನಿಸುವ ಪಂಗಡವೊಂದು ಹೊರಡಬೇಕಾದರೆ ಆ ಮತಕ್ಕೆ ಮೊದಲು ಗ್ರಂಥಗಳೂ ವ್ಯಾಖ್ಯಾನಗಳೂ ಮರೆಮಾಚಿದ ಪಾಪಗಳೂ ಇರಬೇಕಾಗುವುದು. ಬೆಥೆಸ್ಡಾ ಸಂಸ್ಥೆಯವರು 2002ರಲ್ಲಿ ಪ್ರಕಟಿಸಿದ ‘ಮೊರೋವಿಂಡ್’ ಎಂಬ ಗಣಕಯಂತ್ರದ ಪಾತ್ರಾಭಿನಯದ ಆಟವು ಇವೆಲ್ಲವನ್ನೂ ಒದಗಿಸಿಕೊಂಡಿದೆ. ಕೆನ್ ರಾಲ್ಸ್ಟನ್ನರ ಪ್ರಧಾನ ವಿನ್ಯಾಸದಲ್ಲಿ ರೂಪುಗೊಂಡ ಈ ಕೃತಿಯೊಳಗೆ ಓದಲೆಂದೇ ಇಟ್ಟಿರುವ ಕಿರುಹೊತ್ತಗೆಗಳು ಬಹುಸಂಖ್ಯೆಯಲ್ಲಿರುವುವು. ಅವುಗಳನ್ನು ಓದದೆ ಆಡುವವನಿಗೆ ಇದು ಖಡ್ಗಗಳ ಕಥೆ. ಓದುವವನಿಗೆ ಪಾಠಾಂತರಗಳ ಕಥೆ.

ಆ ನಾಡಿನ ಡನ್ಮರ್ ಜನರು ಪೂಜಿಸುವುದು ಆಲ್ಮಲೆಕ್ಸಿಯಾ, ಸೋಥಾ ಸಿಲ್, ವಿವೆಕ್ ಎಂಬ ಮೂವರು ಜೀವಂತ ದೇವರುಗಳನ್ನು. ಇವರು ಒಂದು ಕಾಲದಲ್ಲಿ ಮರ್ತ್ಯರು, ನೆರೆವಾರ್ ಎಂಬ ದಂಡನಾಯಕನ ಸಲಹೆಗಾರರು. ಕೆಂಪುಬೆಟ್ಟದ ಯುದ್ಧಾನಂತರ ನೆರೆವಾರನು ಗಾಯಗಳಿಂದ ಮಡಿದನೆಂದೂ, ಮೂವರು ತಮ್ಮ ತಪಸ್ಸು, ಜ್ಞಾನ, ಸದ್ಗುಣಗಳಿಂದ ದೇವತ್ವವನ್ನು ಪಡೆದರೆಂದೂ ದೇವಾಲಯದ ಬೋಧೆ. ಇದನ್ನು ಒಪ್ಪದೆ ಹೊರಬಂದವರೇ ಭಿನ್ನಮತ ಪುರೋಹಿತರು. ಅವರ ಸಿದ್ಧಾಂತವು ‘ಸತ್ಯದ ಮುನ್ನಡೆ’ ಎಂಬರ್ಥದ ಹೆಸರುಳ್ಳ ಒಂದು ನಿಷಿದ್ಧ ಹೊತ್ತಗೆಯಲ್ಲಿ ಅಡಕವಾಗಿದೆ.

ಈ ಹೊತ್ತಗೆಯು ಗಮನಾರ್ಹವಾದುದು ಅದರ ನೀರಸತೆಯಿಂದ. ಅದರಲ್ಲಿ ಆವೇಶವಿಲ್ಲ, ಶಾಪವಿಲ್ಲ, ದರ್ಶನದ ವರ್ಣನೆಯಿಲ್ಲ. ದೇವಾಲಯವು ಏನನ್ನು ಹೇಳುತ್ತದೆ, ಪುರೋಹಿತರು ಯಾವುದನ್ನು ಸಂದೇಹಿಸುತ್ತಾರೆ ಎಂಬುದನ್ನು ಪೂರ್ವಪಕ್ಷ ಸಿದ್ಧಾಂತಗಳ ಕ್ರಮದಲ್ಲಿ ಒಂದೊಂದಾಗಿ ನಿರೂಪಿಸಲಾಗಿದೆ. ದೇವಾಲಯಕ್ಕೆ ಎರಡು ಬಗೆಯ ಬರಹಗಳುಂಟು: ಜನರಿಗೆ ತೋರಿಸುವ ‘ಹೈರೋಗ್ರಫಾ’, ಬಚ್ಚಿಡುವ ‘ಅಪೋಗ್ರಫಾ’. ಮೂವರ ಶಕ್ತಿಗೂ ಅವರ ವೈರಿಯಾದ ಡಾಗೋತ್ ಉರನ ಶಕ್ತಿಗೂ ಮೂಲವೊಂದೇ, ಕೆಂಪುಬೆಟ್ಟವೇ, ಆಗಿರಬಹುದಲ್ಲವೇ ಎಂದು ಕೇಳುವುದಕ್ಕೆ ಪುರೋಹಿತರಿಗೆ ಆಧಾರ ಈ ಎರಡನೆಯ ರಾಶಿಯೇ. ದೇವತ್ವಕ್ಕೆ ಕಾಗ್ರೆನಾಕನ ಅಪವಿತ್ರ ಉಪಕರಣಗಳು ಬಳಕೆಯಾದುವೆಂಬ ಸೂಚನೆಯೂ ಅಲ್ಲಿಯದೇ. ಪೀಠಾಧಿಪತಿಯ ಅಧಿಕಾರ, ದಂಡಧಾರಿಗಳ ಚಿತ್ರಹಿಂಸೆ ಇವುಗಳನ್ನು ಕೊನೆಗೆ ಪ್ರಸ್ತಾಪಿಸಲಾಗಿದೆ. ಎಂದರೆ ಈ ಪಂಗಡದ ಪಾಷಂಡತನವು ಭಕ್ತಿಯಿಂದಲ್ಲ, ಗ್ರಂಥಸಂಪಾದನೆಯಿಂದ ಹುಟ್ಟಿದುದು. ಹಸ್ತಪ್ರತಿಗಳೊಡನೆ ಬಾಳುವ ವಿದ್ವಾಂಸರಿಗೆ ಈ ಪಾಷಂಡಿಗಳು ಅಪರಿಚಿತರೆನಿಸಲಾರರು.

ನೆರೆವಾರನು ಹೇಗೆ ಸತ್ತನೆಂಬುದಕ್ಕೆ ಕೃತಿಯು ನಿರ್ಣಾಯಕವಾದ ಉತ್ತರವನ್ನು ಎಲ್ಲಿಯೂ ಕೊಡುವುದಿಲ್ಲ. ಬೂದಿನಾಡಿನ ಅಲೆಮಾರಿ ಬಣಗಳ ಪರಂಪರೆಯಂತೆ ಅದು ಕೊಲೆ. ವಿವೆಕನ ಹೇಳಿಕೆಯಂತೆ ಅಲ್ಲ. ಈ ಹೇಳಿಕೆಯ ಚೌಕಟ್ಟನ್ನೇ ನೋಡಬೇಕು: ಅದು ಮಾಲೂರ್ ಒಮಾಯ್ನ್ ಎಂಬ ಭಿನ್ನಮತ ಪುರೋಹಿತನನ್ನು ವಿಚಾರಣೆಗೊಳಪಡಿಸಿದಾಗ ದೇವರು ಆಡಿದ ಮಾತುಗಳ ದಾಖಲೆ. ಸೆರೆಯಾಳಿನ ಮುಂದೆ ದೇವರು ಸಾಕ್ಷಿ ನುಡಿಯುತ್ತಾನೆ. ಬಹುಕಾಲದ ಹಿಂದಿನ ಸಂಗತಿಗಳನ್ನು ಯಾರು ತಾನೆ ಸ್ಪಷ್ಟವಾಗಿ ನೆನೆಯಬಲ್ಲರೆಂಬ ಸಂಶಯದಿಂದಲೇ ಮಾತನ್ನು ಆರಂಭಿಸುತ್ತಾನೆ. ಕೊಲೆಯನ್ನು ಅಲ್ಲಗಳೆದು ಪ್ರತಿಜ್ಞಾಭಂಗವನ್ನು ಒಪ್ಪಿಕೊಳ್ಳುತ್ತಾನೆ. ಆದರೆ ಅದೇ ವಿವೆಕನ ಹೆಸರಿನಲ್ಲಿರುವ 36 ಉಪದೇಶಗಳಲ್ಲಿ, 29ನೆಯದರಲ್ಲಿ ಕೊಟ್ಟಿರುವ ಸಂಖ್ಯೆಗಳನ್ನು ಕೀಲಿಯಾಗಿಟ್ಟುಕೊಂಡು ಪದಗಳನ್ನು ಎಣಿಸಿ ಆಯ್ದರೆ, ದೇವತ್ವವನ್ನು ಕದ್ದು ದಂಡನಾಯಕನನ್ನು ಕೊಂದೆನೆಂಬ ತಪ್ಪೊಪ್ಪಿಗೆಯು ಹೊರಬೀಳುವುದು. ಭಿನ್ನಮತೀಯರು ಗುಪ್ತಭಾಂಡಾರದಲ್ಲಿ ಹುಡುಕುತ್ತಿದ್ದುದು ಸಾರ್ವಜನಿಕ ಶಾಸ್ತ್ರದ ಒಡಲಿನಲ್ಲಿಯೇ ಇದ್ದಿತು! ಇದನ್ನು ಕೇವಲ ಚಮತ್ಕಾರವೆಂದು ತಳ್ಳಿಹಾಕುವುದು ಸರಿಯಲ್ಲ. ಸ್ವತಂತ್ರವಾಗಿ ಓದುವ ಹಕ್ಕೇ ಇಲ್ಲಿ ವಿವಾದದ ವಸ್ತುವಾದುದರಿಂದ, ಓದುಗನ ಕೈಗೇ ಎಣಿಕೆಯ ಕೆಲಸವನ್ನು ಕೊಟ್ಟಿರುವುದು ಉಚಿತವೇ ಆಗಿದೆ.

ಪಂಗಡದ ಕಥೆಯಲ್ಲಿ ಅತ್ಯುತ್ತಮವಾದ ಭಾಗವು ಹೋಲಾಮಯಾನ್ ಮಠದ ಪ್ರಸಂಗ. ನೆರೆವಾರನು ಮರಳಿ ಹುಟ್ಟುವನೆಂಬ ಭವಿಷ್ಯವಾಣಿಯನ್ನು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದ ಉರ್ಶಿಲಾಕು ಬಣದ ಜ್ಞಾನವೃದ್ಧೆ ನಿಬಾನಿ ಮೇಸಾ, ಅದರ ಕೆಲವು ಭಾಗಗಳು ಕಳೆದುಹೋಗಿವೆಯೆಂದು ನಾಯಕನಿಗೆ ತಿಳಿಸುತ್ತಾಳೆ. ಅವು ದೊರೆಯುವುದು ಅರುಣೋದಯದಲ್ಲಿಯೂ ಮುಸ್ಸಂಜೆಯಲ್ಲಿಯೂ ಮಾತ್ರ ಬಾಗಿಲು ತೆರೆಯುವ ಆ ದ್ವೀಪದ ಮಠದಲ್ಲಿ, ಗಿಲ್ವಾಸ್ ಬರೇಲೋ ಎಂಬ ಹಿರಿಯನ ಬಳಿ, ಬರಹದ ರೂಪದಲ್ಲಿ. ಆದರೂ ಅರ್ಥ ಹೇಳುವ ಅಧಿಕಾರವು ಮಠದವರಿಗಿಲ್ಲ. ಓಲೆಯನ್ನು ಹೊತ್ತು ನಾಯಕನು ಮತ್ತೆ ಬೂದಿನಾಡಿನ ಗುಡಾರಕ್ಕೇ ಹೋಗಬೇಕು. ನಾಲಗೆಯು ಮರೆತುದನ್ನು ಓಲೆಯು ಉಳಿಸಿತು, ಓಲೆಯು ತಿಳಿಯದುದನ್ನು ನಾಲಗೆಯು ತಿಳಿಸಿತು. ಅಲೆಮಾರಿಗಳ ಮಾತನ್ನು ಅನಾಗರಿಕರ ಹರಟೆಯೆಂದು ಎಣಿಸಿದ್ದ ದೇವಾಲಯದ ಪಂಡಿತರಿಗೆ ಇದಕ್ಕಿಂತ ಕಠಿನವಾದ ಉತ್ತರವಿಲ್ಲ.

ದೋಷಗಳೂ ಇಲ್ಲದಿಲ್ಲ. ಮಠದೊಳಗೆ ಗ್ರಂಥಗಳಿವೆ, ಬಾಳಿಲ್ಲ. ಆ ಪುರೋಹಿತರು ಹೇಗೆ ಪ್ರಾರ್ಥಿಸುತ್ತಾರೆ, ಮೂವರನ್ನು ಬಿಟ್ಟಮೇಲೆ ಸತ್ತವರಿಗೆ ಏನನ್ನು ಹೇಳಿ ಬೀಳ್ಕೊಡುತ್ತಾರೆ ಎಂಬುದು ಅರಿವಿಗೆ ಬರುವುದೇ ಇಲ್ಲ. ಯಾರನ್ನು ಮಾತನಾಡಿಸಿದರೂ ಬಹುಮಟ್ಟಿಗೆ ಅವೇ ವಾಕ್ಯಗಳು. ದೇವಾಲಯದ ಗ್ರಂಥಭಾಂಡಾರದಲ್ಲಿ ಸೇವೆಮಾಡುತ್ತ ಒಳಗೊಳಗೇ ಭಿನ್ನಮತೀಯಳಾಗಿದ್ದು, ಕಡೆಗೆ ನಗರದ ಮೇಲೆ ತೇಲುವ ಬಂಡೆಯ ಸೆರೆಮನೆಗೆ ಬೀಳುವ ಮೆಹ್ರಾ ಮೀಲೋ ಒಬ್ಬಳಲ್ಲಿ ಮಾತ್ರ ಮನುಷ್ಯಭಯವು ಕಾಣುವುದು. ಇನ್ನೂ ದೊಡ್ಡ ಕೊರತೆಯೆಂದರೆ, ಮೂವರ ದೇವತ್ವವನ್ನು ಆಧಾರ ಕೇಳಿ ಪರೀಕ್ಷಿಸುವ ಈ ಪಂಡಿತರು ಭವಿಷ್ಯವಾಣಿಯನ್ನು ಅಂತಹ ಪರೀಕ್ಷೆಗೆ ಒಡ್ಡುವುದಿಲ್ಲ. ದೇವಾಲಯವು ಅದನ್ನು ಅಡಗಿಸಿತೆಂಬುದೇ ಅದು ನಿಜವೆಂಬುದಕ್ಕೆ ಸಾಕ್ಷಿಯಾಗಿಬಿಡುತ್ತದೆ. ಈ ತರ್ಕದೋಷವನ್ನು ಕೃತಿಕಾರರು ಉದ್ದೇಶಪೂರ್ವಕವಾಗಿ ಇಟ್ಟಿದ್ದರೆ ಯಾವನಾದರೂ ಒಬ್ಬ ಪುರೋಹಿತನ ಬಾಯಲ್ಲಿ ಅದರ ಅಳುಕು ಕೇಳಿಬರಬೇಕಾಗಿತ್ತು.

ಅದೇ ಮಾಲೆಯಲ್ಲಿ 2012ರಲ್ಲಿ ಹೊರಬಂದ ‘ಡ್ರಾಗನ್‌ಬಾರ್ನ್’ ಎಂಬ ಅನುಬಂಧದ ಒಂದು ಇತಿಹಾಸಪುಸ್ತಕವು ಈ ಪಂಗಡದ ಮುಂದಿನ ಗತಿಯನ್ನು ತಿಳಿಸುತ್ತದೆ. ಮೂವರು ಇಲ್ಲವಾಗಿ, ಕೆಂಪುಬೆಟ್ಟವು ಸಿಡಿದು ನಾಡು ಹಾಳಾದ ಮೇಲೆ, ಹಿಂದಿನ ಭಿನ್ನಮತೀಯರೇ ಹೊಸ ದೇವಾಲಯದ ಅಧಿಕಾರಿಗಳಾಗಿ, ಅಜುರಾ, ಮೆಫಾಲಾ, ಬೋಥಿಯಾ ಎಂಬ ಪ್ರಾಚೀನ ಶಕ್ತಿಗಳ ಆರಾಧನೆಯನ್ನು ಮರಳಿ ಸ್ಥಾಪಿಸಿದರು. ಬರಹವು ಕೆಲವೇ ಪುಟಗಳದು, ಶೈಲಿಯು ನಯವಾದುದು, ಸಂಶಯವೆಂಬುದು ಅದರಲ್ಲಿ ಮರುಕ್ಕೆ ಮಾತ್ರವೂ ಇಲ್ಲ. ಹೊಸ ದೇವಾಲಯಕ್ಕೂ ಒಂದು ಗುಪ್ತಭಾಂಡಾರವುಂಟೇ, ಉಂಟಾದರೆ ಅದರ ಬೀಗದ ಕೈ ಯಾರ ಬಳಿಯಿದೆ ಎಂಬುದನ್ನು ಆ ಪುಸ್ತಕವು ಕೇಳುವುದಿಲ್ಲ.