ಕೋಟೆಗೂ ಪಾತ್ರ ಕೊಟ್ಟ ಪುಟ್ಟಣ್ಣ

ಚಿತ್ರದುರ್ಗದ ಕೋಟೆಯಲ್ಲಿ ಒನಕೆ ಓಬವ್ವನ ಕಿಂಡಿ ಮುಂದೆ ನಿಂತ ಕನ್ನಡಿಗರಲ್ಲಿ ಎಷ್ಟೋ ಮಂದಿಗೆ ಕಣ್ಣಿಗೆ ಕಟ್ಟುವುದು ನಟಿ ಜಯಂತಿಯ ಮುಖ. ಆ ಮುಖ ಕೊಟ್ಟವರು ನಿರ್ದೇಶಕ ಪುಟ್ಟಣ್ಣ ಕಣಗಾಲ್.

ಬಿ.ಆರ್. ಪಂತುಲು ಅವರ ಗರಡಿಯಲ್ಲಿ ಪಳಗಿದ ಪುಟ್ಟಣ್ಣ, 1967ರಲ್ಲಿ ತ್ರಿವೇಣಿಯವರ ಕಾದಂಬರಿ ಹಿಡಿದು ‘ಬೆಳ್ಳಿಮೋಡ’ ಮಾಡಿದರು. 1972ರ ‘ನಾಗರಹಾವು’ ಚಿತ್ರಕ್ಕೆ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದಾಗಿ ಹೆಣೆದರು. ದುರ್ಗದ ಕಥೆಗೆ ದುರ್ಗದ ಬಂಡೆಗಳೇ ಬೇಕೆಂದು ಕ್ಯಾಮೆರಾವನ್ನು ಬೆಟ್ಟ ಹತ್ತಿಸಿದರು. ಕಥಾನಾಯಕ ರಾಮಾಚಾರಿಯ ಒರಟುತನಕ್ಕೂ ಆ ಕಲ್ಲಿಗೂ ಎಂಥ ಜೋಡಿ!

ಆ ಚಿತ್ರದಲ್ಲಿ ಬರುವ ಓಬವ್ವನ ಪ್ರಸಂಗವನ್ನೇ ನೋಡಿ. ಗಂಡನನ್ನು ಊಟಕ್ಕೆ ಕೂರಿಸಿ ನೀರಿಗೆಂದು ಹೋದ ಹೆಂಗಸಿಗೆ ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುವುದು ಕಾಣುತ್ತದೆ. ಕೈಗೆ ಸಿಕ್ಕಿದ್ದು ಒನಕೆ. ತಲೆ ಹೊರಬಂದರೆ ಒಂದು ಪೆಟ್ಟು, ಹೆಣ ಪಕ್ಕಕ್ಕೆ, ಮತ್ತೆ ಕಾಯುವುದು. ಚಿ. ಉದಯಶಂಕರ್ ಬರೆದು ಪಿ.ಬಿ. ಶ್ರೀನಿವಾಸ್ ಹಾಡಿದ ಒಂದೇ ಹಾಡಿನಲ್ಲಿ ಇಡೀ ಕಥೆ ಮುಗಿಯುತ್ತದೆ. ಇಂದಿನವರಾದರೆ ಇದಕ್ಕೇ ಎರಡು ಭಾಗದ ಸಿನಿಮಾ ಮಾಡುತ್ತಿದ್ದರೇನೋ.

ತ.ರಾ.ಸು. ಅವರಿಗೆ ಮಾತ್ರ ಚಿತ್ರ ಹಿಡಿಸಲಿಲ್ಲ. ಕಾದಂಬರಿಕಾರರ ಮುನಿಸು ನ್ಯಾಯವೇ ಇರಬಹುದು. ಆದರೆ ಪುಟ್ಟಣ್ಣನವರ ರಾಮಾಚಾರಿ ಬೇರೆಯದೇ ಬಾಳು ಬಾಳಿದ. ವಿಷ್ಣುವರ್ಧನ್ ನಾಯಕರಾದದ್ದು, ಅಂಬರೀಶ್ ತೆರೆಗೆ ಬಂದದ್ದು, ಅಶ್ವಥ್ ಚಾಮಯ್ಯ ಮೇಷ್ಟ್ರಾಗಿ ಮನೆಮಾತಾದದ್ದು ಈ ಚಿತ್ರದಿಂದಲೇ. 1985ರಲ್ಲಿ ತೀರಿಕೊಂಡ ಪುಟ್ಟಣ್ಣನವರ ಹೆಸರಿನಲ್ಲಿ ರಾಜ್ಯ ಸರ್ಕಾರ ಈಗ ನಿರ್ದೇಶಕರಿಗೆ ಪ್ರಶಸ್ತಿ ಕೊಡುತ್ತದೆ.